ತೂಬಿನ ಮೇಲೆ ಕೂತವಳು

“ನೀವ ಹೋಗಿ ಹೇಳ್ರಿ, ನಮ್ಮ ವಾರ್ಡಿಗೆ ಬೋರ್ ಬ್ಯಾಡ ಅಂತ.”

ನನ್ನ ಹೆಂಡತಿ ಸಾವಂತ್ರೆವ್ವ ನನ್ನ ಸಂಗಡ ಕಡೆಯದಾಗಿ ಆಡಿದ ಮಾತು ಇದು. ಜಿಲ್ಲಾ ಆಸ್ಪತ್ರೆಯ ಮಂಚದ ಮೇಲೆ ಆಡಿದಳು. ಆಮೇಲೆ ಕಣ್ಣು ತೆರೆದೇ ಇತ್ತು, ಮಾತು ಬರಲಿಲ್ಲ. ಸಂಜೆಗೆ ಹೋದಳು.

ಮಂಚದ ಸುತ್ತ ಜನ ಇದ್ದರು. ಅವಳ ತಮ್ಮ ಅಡಿವೆಪ್ಪ ಇದ್ದ. ನಮ್ಮ ಮಗಳು ಇದ್ದಳು. ಪಂಚಾಯಿತಿಯ ಅಧ್ಯಕ್ಷರು ಮೋಸಂಬಿ ಹಿಡಿದುಕೊಂಡು ಬಂದಿದ್ದರು. ಅವಳು ಒಬ್ಬೊಬ್ಬರನ್ನೂ ನೋಡಿದಳು. ನೋಡಿ ನನ್ನ ಕಡೆ ತಿರುಗಿದಳು. ದನಿ ಇಳಿದುಹೋಗಿತ್ತು. ನಾನು ಕಿವಿಯನ್ನು ಬಾಯಿಯ ಹತ್ತಿರ ಒಯ್ದೆ. ಆ ಮಾತು ನನಗೊಬ್ಬನಿಗೇ ಕೇಳಿಸಿತು.

ಮಗಳ ಬಗ್ಗೆ ಹೇಳಲಿಲ್ಲ. ಮನೆಯ ಬಗ್ಗೆ ಹೇಳಲಿಲ್ಲ. ಇನ್ನು ಮೇಲೆ ನೀವು ಹೇಗೆ ಇರುತ್ತೀರಿ ಅಂತ ನನ್ನನ್ನು ಕೇಳಲಿಲ್ಲ.

ಅವಳು ನಮ್ಮ ವಾರ್ಡಿನ ಮೆಂಬರ್ ಆಗಿದ್ದಳು. ಹೆಂಗಸರಿಗೆ ಮೀಸಲು ಬಂದ ವರ್ಷ ಓಣಿಯವರು ಕೂಡಿ ನಿಲ್ಲಿಸಿದ್ದರು. ಹೆಂಗಸು ಮೆಂಬರ್ ಆದರೆ ಗಂಡ ಹೋಗಿ ಸಭೆಯಲ್ಲಿ ಕೂರುವುದು ನಮ್ಮ ಕಡೆಯ ರೂಢಿ. ಇವಳು ನನ್ನನ್ನು ಕಳಿಸಲಿಲ್ಲ. ತಾನೇ ಹೋದಳು. ನಾನು ಜೊತೆಗೆ ನಡೆದು ಬಾಗಿಲ ತನಕ ಬಿಡುತ್ತಿದ್ದೆ. ಆಮೇಲೆ ಹೊರಗೆ ಬೇವಿನ ಗಿಡದ ಕೆಳಗೆ ಕೂರುತ್ತಿದ್ದೆ. ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಸಭೆಯ ಮಾತು ನನಗೆ ತಿಳಿಯುವುದಿಲ್ಲ. ನಾಲ್ಕು ಮಂದಿಯ ಮುಂದೆ ನನಗೆ ಮಾತೇ ಬರುವುದಿಲ್ಲ.

ನಮ್ಮೂರಿಗೆ ಕುಡಿಯಲು ಇರುವುದು ಒಂದೇ ಸಿಹಿನೀರಿನ ಬಾವಿ. ಊರ ಮೇಲಿನ ಹಳೆಯ ಕೆರೆ ತುಂಬಿದರೆ ಬಾವಿ ತುಂಬುತ್ತದೆ. ಕೆರೆಯಲ್ಲಿ ಹೂಳು ಸೇರಿ ಬಹಳ ಕಾಲವಾಯಿತು. ಹೋದ ವರ್ಷ ಪಂಚಾಯಿತಿಯವರು ಕೆರೆಯ ಕೆಳಗೆ ಎರಡು ವಾರ್ಡಿಗೆ ಎರಡು ಬೋರು ಹಾಕಿಸಿದರು. ಬೇಸಿಗೆಗೆ ಬಾವಿಯ ನೀರು ಇಳಿಯಿತು. ಹಗ್ಗಕ್ಕೆ ಹಗ್ಗ ಗಂಟು ಹಾಕಿ ಸೇದಿದೆವು. ಬಾವಿ ಹೀಗಾಯಿತಲ್ಲ ಅಂತ ಉಳಿದ ವಾರ್ಡಿನವರೂ ಬೋರು ಕೇಳಿದರು. ಯಾರಿಗೂ ಅನ್ಯಾಯ ಆಗಬಾರದು, ವಾರ್ಡಿಗೆ ಒಂದೊಂದು ಅಂತ ಪಂಚಾಯಿತಿಯಲ್ಲಿ ಠರಾವು ಆಯಿತು.

ಸಾವಂತ್ರೆವ್ವ ಆ ಸಭೆಯಲ್ಲಿ ಎದ್ದು, ಬೋರು ಸಾಕು, ಕೆರೆಯ ಹೂಳು ತೆಗೆಸೋಣ ಅಂದಳಂತೆ. ಎಲ್ಲರೂ ಒಳ್ಳೆಯ ಮಾತು ಅಂದರಂತೆ. ನಮ್ಮ ವಾರ್ಡಿನದೊಂದು ಆಗಿಬಿಡಲಿ, ಆಮೇಲೆ ನಿಲ್ಲಿಸೋಣ ಅಂತ ಒಬ್ಬೊಬ್ಬರೂ ಅಂದರಂತೆ.

ಪಾಳಿ ನಮ್ಮ ವಾರ್ಡಿಗೆ ಬಂತು. ತೆಂಗಿನಕಾಯಿಯನ್ನು ಅಂಗೈಯಲ್ಲಿ ಹಿಡಿದು ನೀರು ನೋಡುವವನು ಬಂದ. ನಮ್ಮ ಮನೆಯ ಕಟ್ಟೆಯ ಎದುರಿಗೇ ಜಾಗ ತೋರಿಸಿದ. ಓಣಿಯ ಹೆಂಗಸರು ಅವನ ಕಾಲಿಗೆ ನೀರು ಹಾಕಿದರು. ಅವತ್ತು ಸಾವಂತ್ರೆವ್ವ ಉಣ್ಣಲಿಲ್ಲ. ಹೊಟ್ಟೆನೋವು ಅಂದಳು. ನಾನು ಬೋರಿನ ಚಿಂತೆ ಅಂದುಕೊಂಡೆ. ಹೊಟ್ಟೆನೋವೇ ಆಗಿತ್ತು.

ಅವಳ ದಿವಸದ ಕಾರ್ಯ ಮುಗಿದ ಮೇಲೆ ಓಣಿಯ ಹೆಂಗಸರು ಮನೆಗೆ ಬಂದರು. ಮಗ್ಗುಲ ಮನೆಯ ಕಲ್ಲವ್ವ ಮುಂದೆ ಇದ್ದಳು. ಅವಳ ಮೊಣಕಾಲು ಬಾತಿವೆ. ಆದರೂ ದಿನಾ ಕೊಡ ಹೊತ್ತು ಬಾವಿಗೆ ಹೋಗಿ ಬರುತ್ತಾಳೆ. ಗ್ರಾಮಸಭೆಯ ದಿನ ನಿಗದಿಯಾಗಿದೆ ಅಂದಳು. ಸಭೆಯಲ್ಲಿ ಹೂಂ ಅಂದರೆ ಬೋರಿನ ಲಾರಿ ಅವತ್ತೇ ಬರುತ್ತದಂತೆ. ಆಮೇಲೆ ನನ್ನ ಎದುರಿಗೆ ಕೂತು ಹೇಳಿದಳು: “ಯಣ್ಣಾ, ಅಕ್ಕ ಓಡ್ಯಾಡಿ ತಂದ ಬೋರು ಇದು. ಅಕಿ ಹೆಸರ ಇಡೂಣು. ಕಾಯಿ ನೀನ ಒಡೀಬೇಕು.”

ನಾನು ಹೂಂ ಅನ್ನಲಿಲ್ಲ. ಊಹೂಂ ಅನ್ನಲಿಲ್ಲ. ಅವರು ಹೂಂ ಅಂತಲೇ ತಿಳಿದು ಎದ್ದು ಹೋದರು.

ಅವಳು ಸಭೆಯಲ್ಲಿ ಆಡಿದ್ದು ಓಣಿಗೆ ಮುಟ್ಟಿರಲಿಲ್ಲ. ನಮ್ಮ ವಾರ್ಡಿಗೇ ಬೇಡ ಅಂದದ್ದು ನನಗೆ ಮಾತ್ರ ಗೊತ್ತಿತ್ತು. ನಾನು ಸುಮ್ಮನಿದ್ದರೆ ಯಾರೂ ಕೇಳುವುದಿಲ್ಲ. ಓಣಿಗೆ ನೀರು ಬರುತ್ತದೆ, ಅವಳ ಹೆಸರೂ ಉಳಿಯುತ್ತದೆ. ಹೇಳಿದರೆ ಓಣಿಯಲ್ಲಿ ನನಗೆ ಬೆಂಕಿ ಕೊಡುವವರೂ ಇರುವುದಿಲ್ಲ. ಅವಳನ್ನೂ ಬೈಯುತ್ತಾರೆ. ಸತ್ತವಳನ್ನು ಬೈಯುವುದನ್ನು ನಾನು ಕೇಳಬೇಕಾಗುತ್ತದೆ.

ಗ್ರಾಮಸಭೆಯ ಹಿಂದಿನ ದಿನ ಮಧ್ಯಾಹ್ನ ಮಠಕ್ಕೆ ಹೋದೆ. ಮಠ ನಮ್ಮೂರ ಹೊರಗಿದೆ. ಅಲ್ಲಿ ಇರುವವರು ಒಬ್ಬರೇ, ಮುದುಕರು. ನಾವೆಲ್ಲ ಅಜ್ಜ ಅನ್ನುತ್ತೇವೆ. ಅಜ್ಜ ಕಾಳು ಆರಿಸುತ್ತಿದ್ದರು. ಕಾಲಿಗೆ ಬಿದ್ದು ಎದುರಿಗೆ ಕೂತೆ. ಆದದ್ದೆಲ್ಲ ಹೇಳಿದೆ. ಆಮೇಲೆ ಕೇಳಿದೆ.

“ಅಜ್ಜಾ, ಅಡಿವೆಪ್ಪ ಮಾತುಗಾರ. ಅಧ್ಯಕ್ಷರು ಅಲ್ಲೇ ನಿಂತಿದ್ರು. ಅವರಿಗೆ ಹೇಳೂದು ಬಿಟ್ಟು ನನಗ ಯಾಕ ಹೇಳಿದಳು? ಇಷ್ಟು ವರ್ಷ ಸಂಸಾರ ಮಾಡಿದವಳು. ಹೋಗೂ ಹೊತ್ತಿನ್ಯಾಗ ಗಂಡಗ ಹೇಳೂ ಮಾತು ಒಂದೂ ಇರಲಿಲ್ಲೇನು?”

ಅಜ್ಜ ಮೊರವನ್ನು ಬದಿಗೆ ಇಟ್ಟರು. ಈ ಕತೆ ಹೇಳಿದರು.

ಒಂದು ಊರು. ಊರಿಗೆ ಒಂದು ಕೆರೆ. ಕೆರೆಗೆ ಒಂದು ತೂಬು. ಏರಿಯ ಮೇಲೆ ಒಂದು ಗುಂಡಿ, ಅದೇ ತೂಬಿನ ಬಾಯಿ. ಗುಂಡಿಯೊಳಗಿನ ಕಲ್ಲನ್ನು ಎತ್ತಿದರೆ ನೀರು ಕಾಲುವೆಗೆ ಇಳಿಯುತ್ತದೆ. ಇಳಿಸಿದರೆ ನಿಲ್ಲುತ್ತದೆ. ಎತ್ತುವುದಕ್ಕೂ ಇಳಿಸುವುದಕ್ಕೂ ಒಬ್ಬ ನೀರಗಂಟಿ.

ಊರಲ್ಲಿ ಐದು ಕೇರಿ. ಕೇರಿಗೆ ಒಬ್ಬ ಹಿರಿಯ. ಆ ಐವರು ಊರಿನ ಪಂಚರು. ಮಳೆ ಮುಗಿದ ಮೇಲೆ ಪಂಚರು ಏರಿಯ ಮೇಲೆ ಕೂಡುತ್ತಿದ್ದರು. ಕೆರೆಯ ನೀರು ನೋಡಿ ಈ ಸಲ ಇಷ್ಟು ಗದ್ದೆ ನೆಡಿರಿ ಅಂತ ಹೇಳುತ್ತಿದ್ದರು. ನೀರು ಕಡಿಮೆಯಾದರೆ ನೆಡುವ ಗದ್ದೆಯೂ ಕಡಿಮೆ. ಆ ಕಡಿಮೆಯಲ್ಲೇ ಐದು ಕೇರಿಗೂ ಪಾಲು.

ಆ ಊರಲ್ಲಿ ಒಂದು ಕಟ್ಟಳೆ ಇತ್ತು. ಕೊನೆಯ ಗದ್ದೆಗೆ ಮೊದಲ ನೀರು. ಕಾಲುವೆ ಎಲ್ಲಿ ಮುಗಿಯುತ್ತದೋ ಆ ಗದ್ದೆ ಮೊದಲು ಕುಡಿಯಬೇಕು. ಏರಿಯ ಬುಡದ ಗದ್ದೆ ಎಲ್ಲಕ್ಕಿಂತ ಕಡೆಗೆ ಕುಡಿಯಬೇಕು. ಹೀಗಾಗಿ ಬುಡದ ಗದ್ದೆಯವನೂ ಸಲಿಕೆ ಹಿಡಿದು ಕಾಲುವೆಯ ಉದ್ದಕ್ಕೂ ನಡೆಯುತ್ತಿದ್ದ. ಕಸ ತೆಗೆಯುತ್ತಿದ್ದ. ಒಡಕು ಮುಚ್ಚುತ್ತಿದ್ದ. ನೀರು ಕೊನೆ ಮುಟ್ಟದೆ ತನ್ನ ಗದ್ದೆಗೆ ತಿರುಗುವುದಿಲ್ಲ ಅನ್ನುವುದು ಅವನಿಗೆ ಗೊತ್ತಿತ್ತು.

ಏರಿಯ ಬುಡದಲ್ಲಿ ಒಬ್ಬ ರೈತ ಇದ್ದ. ಆ ಕೇರಿಯ ಹಿರಿಯನೂ ಅವನೇ. ನೀರು ದಿನಾ ಅವನ ಕಣ್ಣೆದುರು ಹರಿದು ಮುಂದಕ್ಕೆ ಹೋಗುತ್ತಿತ್ತು. ಕೆರೆಯ ಮಗ್ಗುಲಲ್ಲಿ ಇದ್ದವನಿಗೆ ಕಡೆಯ ನೀರು, ಇದು ಯಾವ ನ್ಯಾಯ ಅಂತ ಅವನು ಕೇಳಿದ. ಅವನು ಕೇಳಿದ್ದನ್ನು ನೋಡಿ ಉಳಿದ ಕೇರಿಯವರೂ ಕೇಳಿದರು. ಒಬ್ಬನಿಗೆ ಪಾಳಿ ತಡವಾಗಿತ್ತು. ಇನ್ನೊಬ್ಬನಿಗೆ ಮುಂಚೆ ಬಂದಿತ್ತು, ಆಗ ಅವನ ಗದ್ದೆ ಹದವಾಗಿರಲಿಲ್ಲ. ನೀರಗಂಟಿ ಯಾರ ಮನೆಯಲ್ಲಿ ಮಜ್ಜಿಗೆ ಕುಡಿದ ಅನ್ನುವುದೂ ಜಗಳವಾಯಿತು.

ಬುಡದ ಕೇರಿಯ ಹಿರಿಯ ಪಂಚರಲ್ಲಿ ಒಂದು ಮಾತು ಇಟ್ಟ. ಜಗಳಕ್ಕೆ ಕಾರಣ ಒಂದೇ ತೂಬು. ಕೇರಿಗೊಂದು ತೂಬು ಮಾಡಿದರೆ ಜಗಳವಿಲ್ಲ. ಅವರವರ ನೀರು ಅವರವರು ಬಿಟ್ಟುಕೊಳ್ಳಲಿ.

ಪಂಚರಿಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಏರಿಯನ್ನು ಅಗೆದು ಹೊಸ ತೂಬುಗಳನ್ನು ಇಟ್ಟರು. ಕೇರಿಕೇರಿಯಲ್ಲೂ ಪೂಜೆ ಆಯಿತು. ಆ ಹಿರಿಯನ ಕೊರಳಿಗೆ ಹೂವಿನ ಹಾರ ಹಾಕಿದರು. ನೀರಗಂಟಿಗೆ ಇನ್ನು ಕೆಲಸವಿಲ್ಲ, ಹೋಗಪ್ಪ ಅಂದರು. ಅವನು ಹೋದ.

ಆ ವರ್ಷ ಮಳೆ ಚೆನ್ನಾಗಿ ಆಯಿತು. ಐದು ತೂಬಿನಿಂದಲೂ ನೀರು ಹರಿಯಿತು. ಐದು ಕೇರಿಯಲ್ಲೂ ಪೈರು ನಿಂತಿತು. ಇಷ್ಟು ದಿನ ಯಾಕೆ ಹೀಗೆ ಮಾಡಲಿಲ್ಲ ಅಂತ ಜನ ಅಂದರು. ಕೇರಿಗೊಂದು ತೂಬು ಆದ ಮೇಲೆ ಪಂಚರಿಗೆ ಕೂಡುವ ಕೆಲಸವೇ ಉಳಿಯಲಿಲ್ಲ. ಏರಿಯ ಮೇಲಿನ ಸಭೆ ನಿಂತಿತು. ಇಷ್ಟು ಗದ್ದೆ ನೆಡಿರಿ ಅಂತ ಹೇಳುವವರು ಇರಲಿಲ್ಲ. ಎಲ್ಲರೂ ಎಲ್ಲ ಗದ್ದೆಯನ್ನೂ ನೆಟ್ಟರು.

ಮರುವರ್ಷ ಮಳೆ ಅರ್ಧಕ್ಕೆ ನಿಂತಿತು.

ಕೆರೆಯಲ್ಲಿ ನೀರು ಇತ್ತು, ಆದರೆ ಕಡಿಮೆ ಇತ್ತು. ಹಿಂದಿನಂತೆ ಇದ್ದಿದ್ದರೆ ಪಂಚರು ಕೂಡಿ ಎರಡರಲ್ಲಿ ಒಂದು ಗದ್ದೆ ಬಿಡಿರಿ ಅನ್ನುತ್ತಿದ್ದರು. ಈಗ ಯಾರೂ ಬಿಡಲಿಲ್ಲ. ತಾನು ಬಿಟ್ಟ ನೀರು ಪಕ್ಕದ ಕೇರಿಯವರ ಪಾಲಾಗುತ್ತದೆ ಅಂತ ಪ್ರತಿ ಕೇರಿಯೂ ಕಲ್ಲನ್ನು ಎತ್ತಿಯೇ ಇಟ್ಟಿತು. ಗದ್ದೆಗೆ ಬೇಕಾದಾಗಲೂ ಎತ್ತಿತ್ತು, ಬೇಡವಾದಾಗಲೂ ಎತ್ತಿತ್ತು. ನೀರು ಕೆಲವರ ಗದ್ದೆಯನ್ನು ದಾಟಿ ಹಳ್ಳಕ್ಕೂ ಹರಿಯಿತು. ಹಳ್ಳಕ್ಕೆ ಹೋದರೂ ಹೋಗಲಿ, ಪಕ್ಕದವರಿಗೆ ಹೋಗುವುದು ಬೇಡ.

ಬುಡದ ಕೇರಿಯ ಹಿರಿಯ ಒಂದು ದಿನ ಏರಿಯ ಮೇಲೆ ಹೋದ. ಪ್ರತಿ ತೂಬಿನ ಹತ್ತಿರವೂ ಒಬ್ಬ ಕಾವಲುಗಾರ ಇದ್ದ. ನೀರನ್ನು ಯಾರೂ ನೋಡುತ್ತಿರಲಿಲ್ಲ. ಒಬ್ಬರ ತೂಬನ್ನು ಇನ್ನೊಬ್ಬರು ನೋಡುತ್ತಿದ್ದರು. ಅವನು ನೀರನ್ನು ನೋಡಿದ. ಪೈರು ಹೊಡೆಯಾಗಿ ತೆನೆ ಬಿಡುವ ಹೊತ್ತಿಗೆ ಕೆರೆ ಖಾಲಿಯಾಗುತ್ತದೆ ಅನ್ನುವುದು ಕಂಡಿತು. ಯಾವ ಕೇರಿಗೂ ಕಾಳು ಬರುವುದಿಲ್ಲ. ದನಗಳಿಗೂ ಕುಡಿಯಲು ಇರುವುದಿಲ್ಲ. ಬೀಜಕ್ಕೂ ಉಳಿಯುವುದಿಲ್ಲ. ಬೀಜ ಹೋದರೆ ಊರು ಎದ್ದು ಹೋಗಬೇಕು.

ಅವನು ಪಂಚರನ್ನು ಕರೆಸಿದ. ತೂಬು ಮುಚ್ಚೋಣ, ಹಿಂದಿನಂತೆ ಒಂದೇ ಇರಲಿ ಅಂದ. ಪಂಚರು ನಕ್ಕರು. ಬೇಕು ಅಂದವನೂ ನೀನೇ, ಬೇಡ ಅನ್ನುವವನೂ ನೀನೇನು ಅಂದರು. ಒಬ್ಬ ಹಿರಿಯ ಮಾತ್ರ ನಗಲಿಲ್ಲ. ನೀನು ಮೊದಲು ಮುಚ್ಚು, ಆಮೇಲೆ ನಾವು ಮುಚ್ಚುತ್ತೇವೆ ಅಂದ. ಉಳಿದವರೂ ಹೌದು ಹೌದು ಅಂದರು. ಅವನು ಮುಚ್ಚುವುದಿಲ್ಲ ಅನ್ನುವುದು ಅವರಿಗೆ ಖಾತ್ರಿಯಿತ್ತು.

ಅವನು ಅಲ್ಲಿಂದ ನೆಟ್ಟಗೆ ಏರಿಗೆ ಬಂದ. ತನ್ನ ಕೇರಿಯ ತೂಬಿನ ಕಲ್ಲನ್ನು ಇಳಿಸಿದ. ಸಂದಿಗೆ ಜೇಡಿಮಣ್ಣು ಮೆತ್ತಿದ. ಗುಂಡಿಯ ಮೇಲೆ ಒಂದು ಚಪ್ಪಡಿ ಎಳೆದು ಅದರ ಮೇಲೆ ಕೂತ.

ಕಾಲುವೆ ನಿಂತದ್ದು ಕಂಡು ಅವನ ಕೇರಿಯವರು ಓಡಿ ಬಂದರು. ಬೈದರು. ಹಾರ ಹಾಕಿದವರೇ ಮಣ್ಣು ತೂರಿದರು. ನಿನಗೆ ಉಳಿದ ನಾಲ್ಕು ಕೇರಿಯವರು ಏನು ಕೊಟ್ಟರು ಅಂತ ಕೇಳಿದರು. ಅವನು ಎಲ್ಲ ಕೇಳಿಸಿಕೊಂಡು ಕೂತೇ ಇದ್ದ. ಆದರೆ ಎಷ್ಟು ಹೊತ್ತು ಕೂತಾನು? ಅವನು ಉಳಿದ ಕೇರಿಗಳಿಗೆ ಹೋಗಬೇಕು. ನಾನು ಮುಚ್ಚಿದ್ದೇನೆ, ನೀವೂ ಮುಚ್ಚಿರಿ ಅಂತ ಪಂಚರಿಗೆ ಹೇಳಬೇಕು. ಅವನು ಅತ್ತ ಹೋದರೆ ಇತ್ತ ಕಲ್ಲು ಎತ್ತುತ್ತಾರೆ.

ಅವನಿಗೆ ಜಟ್ಟಿಯಂಥ ಒಬ್ಬ ತಮ್ಮ ಇದ್ದ. ಅಣ್ಣಾ, ನೀನು ಹೋಗಿ ಬಾ, ನಾನು ದೊಣ್ಣೆ ಹಿಡಿದು ಕೂರುತ್ತೇನೆ, ಯಾರು ಬರುತ್ತಾರೋ ನೋಡುತ್ತೇನೆ ಅಂದ. ದೊಡ್ಡ ಮಗನೂ ಅದೇ ಮಾತು ಅಂದ. ಹಿರಿಯ ಅವರನ್ನು ನೋಡಿದ.

ಅವನ ಹೆಂಡತಿ ಬುತ್ತಿ ತಂದಿದ್ದಳು. ಅವಳು ತೂಬಿನ ಮಾತು ಯಾವತ್ತೂ ಆಡಿದವಳಲ್ಲ. ಪಂಚರು ಅಂದರೆ ಏನು, ಠರಾವು ಅಂದರೆ ಏನು ಅವಳಿಗೆ ಗೊತ್ತಿಲ್ಲ. ಅವಳಿಗೆ ಗೊತ್ತಿದ್ದದ್ದು ಎದುರಿಗೆ ಕಾಣುವ ಗದ್ದೆ. ಅದನ್ನು ನೆಟ್ಟವಳು ಅವಳೇ. ಹಿರಿಯ ಎದ್ದು ಅವಳನ್ನು ಚಪ್ಪಡಿಯ ಮೇಲೆ ಕೂರಿಸಿದ.

“ನಾ ಬರೂತನಕ ಏಳಬ್ಯಾಡ,” ಅಂದ.

ಅವಳು ಗದ್ದೆಯನ್ನು ನೋಡಿದಳು. ಯಾಕೆ ಅಂತ ಕೇಳಲಿಲ್ಲ. ಎಷ್ಟು ಹೊತ್ತು ಅಂತಲೂ ಕೇಳಲಿಲ್ಲ. ಅವನು ಹೋದ.

ಅವನು ಎರಡನೆಯ ಕೇರಿಗೆ ಹೋದ. ಅಲ್ಲಿಯ ಹಿರಿಯ ನಂಬಲಿಲ್ಲ. ತನ್ನ ಕೇರಿಯ ನೀರನ್ನು ಯಾರು ತಾನೇ ಮುಚ್ಚುತ್ತಾನೆ ಅಂದ. ಒಬ್ಬ ಆಳನ್ನು ನೋಡಿ ಬಾ ಅಂತ ಕಳಿಸಿದ. ಆಳು ಹೋಗಿ ಬಂದು, ಹೌದ್ರಿ, ಮುಚ್ಚೈತಿ, ಮ್ಯಾಲೆ ಅವರ ಮನೆಯಾಕಿ ಕುಂತಾಳ ಅಂದ. ಸಂಜೆಯ ತನಕ ಇರುತ್ತಾಳೆ, ಒಲೆ ಹಚ್ಚುವ ಹೊತ್ತಿಗೆ ಎದ್ದು ಹೋಗುತ್ತಾಳೆ ಅಂತ ಹಿರಿಯ ಅಂದ. ನೋಡೋಣ ಅಂದ.

ಮೂರನೆಯ ಕೇರಿಯಲ್ಲೂ ನೋಡೋಣ ಅಂದರು. ನಾಲ್ಕನೆಯದರಲ್ಲೂ ಅದೇ. ಕೊನೆಯ ಕೇರಿಯಲ್ಲಿ ಬಾಗಿಲನ್ನೇ ತೆಗೆಯಲಿಲ್ಲ.

ಅತ್ತ ಅವಳ ಕೇರಿಯವರು ಏರಿಯ ಮೇಲೆ ಗುಂಪು ಕೂಡಿದ್ದರು. ಪರಹೆಂಗಸನ್ನು ಕೈ ಹಿಡಿದು ಎಬ್ಬಿಸುವುದಕ್ಕೆ ಗಂಡಸರಿಗೆ ಆಗಲಿಲ್ಲ. ಮಾತಿನಿಂದ ಎಬ್ಬಿಸಲು ನೋಡಿದರು. ಗಂಡನಿಗೆ ಕೊನೆಯ ಕೇರಿಯವರು ಹೊಡೆದರಂತೆ ಅಂತ ಒಬ್ಬ ಸುಳ್ಳು ಹೇಳಿದ. ಅವಳು ಅತ್ತಳು, ಏಳಲಿಲ್ಲ. ಹೆಂಗಸರು ಬಂದು ಗಲ್ಲ ಹಿಡಿದು ಬೇಡಿಕೊಂಡರು. ನಿನ್ನ ಗದ್ದೆಯನ್ನಾದರೂ ನೋಡೇ ಅಂದರು. ಅವಳು ನೋಡಿದಳು, ಏಳಲಿಲ್ಲ. ಆಮೇಲೆ ಒಬ್ಬ ಹರೆಯದವನು ಎಲ್ಲರಿಗೂ ಕೇಳುವ ಹಾಗೆ ಕೂಗಿದ.

“ಯಾಕಬೇ ಯಕ್ಕಾ, ತತ್ತಿ ಇಟ್ಟು ಕಾವಿಗೆ ಕುಂತೀಯೇನು?”

ಗುಂಪು ನಕ್ಕಿತು. ಅವಳಿಗೂ ನಗು ಬಂತು.

“ಹೂನಪ್ಪ. ನೀವು ಒಡೀಬ್ಯಾಡ್ರಿ,” ಅಂದಳು.

ನಗು ನಿಂತಿತು. ಆ ಹುಡುಗ ಹಿಂದಕ್ಕೆ ಸರಿದ. ಆಮೇಲೆ ಯಾರೂ ಚೇಷ್ಟೆ ಮಾಡಲಿಲ್ಲ.

ಒಲೆ ಹಚ್ಚುವ ಹೊತ್ತಾಯಿತು. ಅವಳು ಎದ್ದು ಹೋಗಲಿಲ್ಲ. ಬೆಳಗಾಯಿತು. ಆಗಲೂ ಕೂತಿದ್ದಳು. ಬಿಸಿಲು ಬಂತು. ಏರಿಯ ಆ ಕಡೆ ನೀರು, ಈ ಕಡೆ ಅವಳ ಗದ್ದೆ. ನಡುವೆ ಅವಳು. ಪೈರಿನ ಎಲೆ ಸುರುಳಿಕೊಂಡಿತು. ಆಮೇಲೆ ಹಳದಿಯಾಯಿತು. ನಾಲ್ಕು ಕೇರಿಯ ಆಳುಗಳು ದಿನಾ ಬಂದು ನೋಡಿ ಹೋಗುತ್ತಿದ್ದರು. ಹೋಗಿ ತಮ್ಮ ಹಿರಿಯರಿಗೆ ಒಂದೇ ಮಾತು ಹೇಳುತ್ತಿದ್ದರು. ಕುಂತಾಳ.

ಕಡೆಗೆ ಪಂಚರಿಗೆ ತಮ್ಮ ಮನೆಯಲ್ಲಿ ಕೂರಲು ಆಗಲಿಲ್ಲ. ಒಬ್ಬೊಬ್ಬರೇ ಏರಿಗೆ ಬಂದರು. ಅವಳ ಗಂಡ ಅವರ ಹಿಂದೆ ಬಂದ. ಎರಡನೆಯ ಕೇರಿಯ ಹಿರಿಯ ಅವಳನ್ನು ನೋಡಿದ. ಅವಳ ಎದುರಿನ ಗದ್ದೆಯನ್ನು ನೋಡಿದ. ಅದು ಒಣಗಿತ್ತು. ಇನ್ನು ಹತ್ತು ಕೆರೆಯ ನೀರು ಬಿಟ್ಟರೂ ಅದು ಏಳುವ ಹಾಗಿರಲಿಲ್ಲ. ಅವನು ತಿರುಗಿ ನಡೆದು ತನ್ನ ಕೇರಿಯ ಕಲ್ಲನ್ನು ಇಳಿಸಿದ. ಮೂರನೆಯವನು ಇಳಿಸಿದ. ನಾಲ್ಕನೆಯವನೂ ಇಳಿಸಿದ. ಕೊನೆಯ ಕೇರಿಯ ಹಿರಿಯ ಇಳಿಸಲಿಲ್ಲ, ಮನೆಗೆ ಹೋದ. ಅವನ ಕೇರಿಯ ಹೆಂಗಸರೇ ಬಂದು ಇಳಿಸಿದರು.

ಪಂಚರು ಅಲ್ಲೇ ಏರಿಯ ಮೇಲೆ ಕೂತರು. ಬಹಳ ಕಾಲದ ಮೇಲೆ ಕೂತಿದ್ದರು. ಈ ನೀರು ಯಾರದು ಅನ್ನುವ ಮಾತು ಬರಲಿಲ್ಲ. ಈ ನೀರು ಎಲ್ಲಿಯ ತನಕ ಬಂದೀತು ಅಂತ ಮಾತಾಡಿದರು. ಉಳಿಯುವ ಗದ್ದೆ ಯಾವುದು, ಬಿಡಬೇಕಾದ ಗದ್ದೆ ಯಾವುದು ಅಂತ ಏರಿಯ ಮೇಲಿನಿಂದಲೇ ಕೈ ಮಾಡಿ ತೋರಿಸಿಕೊಂಡರು. ದನಗಳಿಗೆ ಇಷ್ಟು ನೀರು ಕೆರೆಯಲ್ಲೇ ಇರಲಿ ಅಂದರು. ಬಂದ ಕಾಳಿನಲ್ಲಿ ಮೊದಲು ಬೀಜ ತೆಗೆದಿಟ್ಟು, ಉಳಿದದ್ದನ್ನು ಐದು ಕೇರಿಗೂ ಹಂಚಬೇಕು ಅಂದರು. ನಾಲ್ಕು ಹೊಸ ತೂಬುಗಳಿಗೆ ಕಲ್ಲು, ಮಣ್ಣು ತುಂಬಿ ಮುಚ್ಚಿದರು. ಹಳೆಯ ತೂಬು ಒಂದೇ ಉಳಿಯಿತು. ನೀರಗಂಟಿಯನ್ನು ಹುಡುಕಿ ಕರೆತಂದರು. ಕೊನೆಯ ಗದ್ದೆಗೆ ಮೊದಲ ನೀರು ಹೋಯಿತು.

ಊರು ಎದ್ದು ಹೋಗಲಿಲ್ಲ.

ಹಿರಿಯ ಹೆಂಡತಿಯ ಹತ್ತಿರ ಬಂದು, ಇನ್ನು ಏಳು ಅಂದ. ಅವಳಿಗೆ ಏಳಲಾಗಲಿಲ್ಲ. ಕಾಲು ಮರಗಟ್ಟಿದ್ದವು. ಅವನು ರಟ್ಟೆ ಹಿಡಿದು ಎಬ್ಬಿಸಿದ. ಇಬ್ಬರೂ ಆ ಒಣಗಿದ ಗದ್ದೆಯ ಬದುವಿನ ಮೇಲೆ ನಡೆದು ಮನೆಗೆ ಹೋದರು. ಆ ವರ್ಷ ಆ ಗದ್ದೆಯಲ್ಲಿ ದನ ಕಟ್ಟಿದರು.

ಅಜ್ಜ ಇಷ್ಟು ಹೇಳಿ ಮೊರವನ್ನು ಮತ್ತೆ ಎಳೆದುಕೊಂಡರು. ಕತೆ ಮುಗಿಯಿತು ಅಂತ ನನಗೆ ಗೊತ್ತಾಯಿತು. ನನ್ನ ಪ್ರಶ್ನೆಗೆ ಉತ್ತರ ಅದರಲ್ಲಿ ಕಾಣಲಿಲ್ಲ. ಬೋರು ಯಾಕೆ ಬೇಡ ಅನ್ನುವುದು ತಿಳಿಯಿತು. ನನಗೆ ಅದು ಮೊದಲೂ ಅಷ್ಟಿಷ್ಟು ತಿಳಿದಿತ್ತು. ನಾನು ಕೇಳಿದ್ದು ಬೇರೆ.

ಕತೆಯ ಒಂದು ಸಂಗತಿ ನನಗೆ ಹಿಡಿಸಲಿಲ್ಲ ಅಂತ ಅದನ್ನೇ ಕೇಳಿದೆ.

“ಅಜ್ಜಾ, ಅಲ್ಲೇ ಜಟ್ಟಿಯಂಥಾ ತಮ್ಮ ನಿಂತಿದ್ದ. ಮಗ ನಿಂತಿದ್ದ. ಅವರನ್ನ ಬಿಟ್ಟು ಏನೂ ತಿಳಿಯದ ಹೆಂಡತಿನ ಯಾಕ ಕುಂದರಿಸಿದ?”

ಅಜ್ಜ ಕಾಳಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದರು.

“ಉಳಿದವರು ಎದ್ದುಬಿಡತಿದ್ರು, ಫಕೀರಪ್ಪ.”

ನಾನು ಮಠದ ಕಂಬಕ್ಕೆ ಒರಗಿ ಕೂತೆ. ಅವಳು ಹೋದ ಮೇಲೆ ನಾನು ಅತ್ತಿರಲಿಲ್ಲ. ಅಲ್ಲಿ ಅತ್ತೆ. ಅಜ್ಜ ಕಾಳು ಆರಿಸುತ್ತ ಇದ್ದರು. ಬಿಸಿಲು ಇಳಿದ ಮೇಲೆ ಕಾಲಿಗೆ ಬಿದ್ದು ಬಂದೆ.

ಮರುದಿನ ಬೆಳಿಗ್ಗೆ ಎದ್ದು ಜಳಕ ಮಾಡಿ ಗ್ರಾಮಸಭೆಗೆ ಹೋದೆ. ಹೊರಗೆ ಗಿಡದ ಕೆಳಗೆ ನಿಲ್ಲಲಿಲ್ಲ, ಒಳಗೆ ಹೋದೆ. ನಮ್ಮ ಓಣಿಯವರು ಜಾಗ ಬಿಟ್ಟು ಮುಂದೆ ಕೂರಿಸಿದರು. ನಮ್ಮ ವಾರ್ಡಿನ ಬೋರಿನ ಮಾತು ಬಂತು. ಒಪ್ಪಿಗೆಯೇ ಅಂತ ಪಿಡಿಒ ಕೇಳಿದರು. ಕೈಗಳು ಎದ್ದವು. ನಾನು ಎದ್ದು ನಿಂತೆ. ಸಾವಂತ್ರೆವ್ವ ಹೇಳಿದ್ದನ್ನು ಅವಳು ಹೇಳಿದ ಹಾಗೆಯೇ ಹೇಳಿದೆ. ಆ ಬೋರಿನ ದುಡ್ಡು ಕೆರೆಯ ಹೂಳು ತೆಗೆಸಲು ಆಗಲಿ ಅಂದೆ. ಹೂಳು ಹೊರುವವರಲ್ಲಿ ಮೊದಲನೆಯವನು ನಾನು ಅಂದೆ. ಕಲ್ಲವ್ವ ಬಾಯಿಗೆ ಸೆರಗು ಹಿಡಿದು ನನ್ನನ್ನೇ ನೋಡಿದಳು. ಹಿಂದಿನಿಂದ ಯಾರೋ, ಹೆಂಡತಿ ಸತ್ತು ತಲೆ ಕೆಟ್ಟೈತಿ ಅಂದರು. ಇನ್ನೊಬ್ಬ ಸಾವಂತ್ರೆವ್ವನ ಹೆಸರು ಹಿಡಿದು ಬೈದ. ಅಡಿವೆಪ್ಪ ನನ್ನ ಧೋತರದ ಚುಂಗು ಹಿಡಿದು ಎಳೆದ. ಕುಂದ್ರು ಫಕೀರಪ್ಪ, ಕುಂದ್ರು ಅಂತ ಅಧ್ಯಕ್ಷರು ಅಂದರು. ಎಲ್ಲರೂ ಕುಂದ್ರು ಅಂದರು.

ನಾನು ಕೂರಲಿಲ್ಲ.